ನಾನೇ ಸೇರಿದ ದವಾಖಾನಿ

ಉದಗೀರಿನ ಆ ಮಾನಸಿಕ ದವಾಖಾನಿಗೆ ನನ್ನನ್ನು ಯಾರೂ ಎಳೆದುಕೊಂಡು ಹೋಗಿರಲಿಲ್ಲ. ನಮ್ಮೂರಲ್ಲಿ ಭೂಕಂಪವಾದಾಗ ನಾನು ಲಂಗ ಉಡುವ ಹುಡುಗಿ. ಗೋಡೆ ಬಿದ್ದು ಅಜ್ಜಿ ಹೋದಳು, ಪಕ್ಕದಲ್ಲಿದ್ದ ನಾನು ಉಳಿದೆ. ಲಗ್ನವಾಗಿ ಉಮರ್ಗಾಕ್ಕೆ ಬಂದು, ಮಕ್ಕಳು ಸಾಲಿಗೆ ಹೋಗುವಷ್ಟಾದ ಮೇಲೆ ನಿದ್ದೆ ಬಿಟ್ಟುಹೋಯಿತು. ಹೆದ್ದಾರಿಯಲ್ಲಿ ಲಾರಿ ಗುಡುಗಿದರೂ ಮಕ್ಕಳ ಕೈ ಹಿಡಿದು ಹೊರಗೆ ಓಡುತ್ತಿದ್ದೆ. ಕಡೆಗೆ ಗಂಡನಿಗೆ ನಾನೇ ಹೇಳಿದೆ, "ನನ್ನ ದವಾಖಾನಿಗೆ ಕರ್ಕೊಂಡು ಹೋಗ್ರಿ." ಅಲ್ಲಿ ಸಹಿಯನ್ನೂ ನಾನೇ ಮಾಡಿದೆ.

ಗುಳಿಗೆ ನಾಟಿದವು, ನಿದ್ದೆ ಬಂತು. ಮನೆಗೆ ಹೋಗುತ್ತೇನೆ ಅಂದ ದಿನ ಗಂಡನ ಜೊತೆ ಅವನ ಅಣ್ಣ, ನನ್ನ ಭಾವನೂ ಬಂದರು. ಅವರ ಮಗಳ ಲಗ್ನ ನಿಲಂಗಾದ ಹುಡುಗನ ಜೊತೆ ಗೊತ್ತಾಗಿತ್ತು. ಭಾವ ನನ್ನೆದುರೇ ಡಾಕ್ಟರಮ್ಮನಿಗೆ ಹೇಳಿದರು: "ಲಗ್ನ ಮುಗಿಯೋತನಕ ಈಕಿ ಇಲ್ಲೇ ಇರ್ಲಿ. ಬೀಗರ ಮುಂದ ಎದ್ದು ಓಡಿದ್ರ ನಮ್ಮ ಮರ್ಯಾದಿ ಏನಾಗ್ಬೇಕು?"

ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದ.

"ಆಕಿ ತಾನಾಗಿ ಸೇರ್ಯಾಳ್ರೀ," ಅಂದಳು ಡಾಕ್ಟರ್. "ಬಿಡಬ್ಯಾಡ್ರಿ ಅನ್ಲಾಕ ನಿಮಗ ಹಕ್ಕಿಲ್ಲ."

ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ನನ್ನ ಕಡೆ ತಿರುಗಿದಳು. "ಆದ್ರ ಮೊನ್ನೆ ಸಿಸ್ಟರ್ ಮುಂದ, 'ಆ ಗ್ವಾಡಿ ನನ್ನ ಮ್ಯಾಲ ಬೀಳಬೇಕಿತ್ತು' ಅಂದೀರಂತ. ಜೀವಕ್ಕ ಅಪಾಯ ಅನಿಸಿದ್ರ ಒಂದು ದಿನ ತಡದು ನೋಡ್ಲಾಕ ಕಾಯ್ದಾ ಅದ. ನಾಳೆ ಮಾತಾಡೂನು."

"ಅಂದ್ರ ನೀವೂ ಅವರ ಕಡಿನೇ," ಅಂದೆ.

"ಇಲ್ಲ. ನಾಳೆ ಅಂದ್ರ ನಾಳೆ."

ಗಂಡ, ಭಾವ ಇಬ್ಬರೂ ಊರಿಗೆ ಹೋದರು. ನಾನು ಆ ದಿನ ಊಟ ಮಾಡಲಿಲ್ಲ. ಮರುದಿನ ಡಾಕ್ಟರ್ ನೇರವಾಗಿ ಕೇಳಿದಳು, "ಸಾಯಬೇಕು ಅನಸ್ತದೇನು?" ಸುಳ್ಳು ಹೇಳಿದರೆ ಬೇಗ ಬಿಟ್ಟಾಳು ಅನ್ನಿಸಿತು. ಆದರೂ ನಿಜವನ್ನೇ ಹೇಳಿದೆ, "ಮೊದ್ಲು ಅನಸ್ತಿತ್ತು. ಈಗಿಲ್ಲ. ಮತ್ತ ಅನಸಿದ್ರ ಇಲ್ಲಿಗೇ ಬರ್ತೀನಿ." ಇನ್ನೂ ಬಹಳ ಹೊತ್ತು ಕೇಳಿ, ಗುಳಿಗೆ ಕೊಟ್ಟು ಮನೆಗೆ ಕಳಿಸಿದಳು.

ಕರೆದೊಯ್ಯಲು ಯಾರೂ ಬಂದಿರಲಿಲ್ಲ. ನಿಲಂಗಾ ಹಾದು ಹೋಗುವ ಬಸ್ಸು ಹತ್ತಿ ಒಬ್ಬಳೇ ಉಮರ್ಗಾಕ್ಕೆ ಬಂದೆ. ಮನೆಯ ಮುಂದಿನ ನಮ್ಮ ಅಂಗಡಿಯಲ್ಲಿ ಗಾದಿಯ ಮೇಲೆ ಕೂತಿದ್ದ ಭಾವ ನನ್ನನ್ನು ಕಂಡು ಎದ್ದು ಒಳಗೆ ಹೋದರು. ಗಂಡ ನನ್ನ ಕೈಯಿಂದ ಚೀಲ ಇಸಿದುಕೊಂಡ.

ಲಗ್ನದ ದಿನ ಹೆಂಗಸರ ನಡುವೆ ಹಿಂದೆ ಕೂತಿದ್ದೆ. ಮದುಮಗಳೇ, ಭಾವನ ಮಗಳು, ಎದ್ದು ಬಂದು ನನ್ನ ಮುಂದೆ ಬೆನ್ನು ಮಾಡಿ ಕೂತಳು.

"ಕಾಕು, ಹೆರಳ ನೀನೇ ಹಾಕು. ಇವರೆಲ್ಲಾ ಭಾಳ ಜಗ್ತಾರ."