ನಂಬನ್ ಬದನೆಕಾಯಿ

ಕರಿದ ಬದನೆಕಾಯಿಯ ಹೋಳುಗಳು ಹುಳಿಯಲ್ಲಿ ಮುಳುಗಿ, ಮೇಲೆ ಕೆಂಪು ಮೆಣಸಿನಕಾಯಿಯ ಚೂರುಗಳನ್ನು ತೇಲಿಸಿಕೊಂಡು, ಗಾಜಿನ ಡಬ್ಬಿಯೊಂದರಲ್ಲಿ ನಮ್ಮ ಊಟದ ಮೇಜನ್ನೇರಿದ್ದವು. ತಂದವಳು ಪಕ್ಕದ ಮನೆಯ ಹರುಕೊ. ಗಂಡನ ಆಫೀಸು ಇಲ್ಲಿಗೆ, ಟೆಕ್ಸಾಸಿನ ಪ್ಲೇನೋಗೆ, ಶಿಫ್ಟ್ ಆದಾಗ ಜಪಾನಿನಿಂದ ಬಂದವಳು. ನಾವು ಮೀನು ತಿನ್ನುವುದಿಲ್ಲವೆಂದು ತಿಳಿದು, ಮೀನಿನ ಅಡುಗೆಯನ್ನು ನಮಗಾಗಿ ಬದನೆಕಾಯಿಯಲ್ಲಿ ಮಾಡಿದ್ದಳು.

ಧಾರವಾಡದಿಂದ ಬಂದು ನಮ್ಮೊಡನಿದ್ದ ಅತ್ತೆ ಮಾತ್ರ ಅದನ್ನು ಮುಟ್ಟಲಿಲ್ಲ. ಮ್ಲೇಚ್ಛರ ಮನೆಯ ಅಡುಗೆ ತಮಗೆ ಬೇಡವೆಂದು ನನ್ನ ಕಿವಿಯಲ್ಲಿ ಹೇಳಿದರು. ಭಾಷೆ ತಿಳಿಯದಿದ್ದರೂ ಮುಖ ತಿಳಿಯುತ್ತದಲ್ಲ. ಬಡಿಸಲು ಹೊರಟಿದ್ದ ಹರುಕೊ ಚಮಚವನ್ನು ಸದ್ದಾಗದಂತೆ ಕೆಳಗಿಟ್ಟಳು. ಏನಾದರೂ ಮಾತಾಡಬೇಕಲ್ಲ ಎಂದು ನಾನು ಅಡುಗೆಯ ಹೆಸರು ಕೇಳಿದೆ.

ನಂಬನ್, ಎಂದಳು. ನನ್ನ ಕನ್ನಡದ ಕಿವಿಗೆ ನಂಬುಗೆಗೆ ನಂಟಿರುವ ಪದದಂತೆ ಕೇಳಿಸಿತು. ಆದರೆ ಅರ್ಥ ಹೇಳಲು ಅವಳಿಗೆ ಸಂಕೋಚ: 'ದಕ್ಷಿಣದ ಅನಾಗರಿಕರು' ಅಂತಂತೆ. ಚೀನೀಯರು ತಮ್ಮ ದಕ್ಷಿಣದವರಿಗೆ ಇಟ್ಟಿದ್ದ ಹೆಸರನ್ನು ಜಪಾನೀಯರು ಎರವಲು ತಂದು, ಗೋವೆಯ ಕಡೆಯಿಂದ ಹಡಗೇರಿ ಬಂದ ಪೋರ್ಚುಗೀಸರಿಗೆ ಅಂಟಿಸಿದರಂತೆ. ಬಂದವರ ಉಡುಪು, ಸಾಮಾನು, ಅಡುಗೆ ಒಂದೊಂದಾಗಿ ಹಿಡಿಸುತ್ತ ಹೋದಂತೆ ಬೈಗುಳದ ಮೊನೆ ಸವೆದು, ಆ ಪದ 'ಕಂಡರಿಯದ ಚೆಲುವು' ಎಂಬರ್ಥಕ್ಕೆ ಹೊರಳಿ, ಕೊನೆಗೆ ಊಟದ ತಟ್ಟೆಗಿಳಿದು ಬಾಯಲ್ಲಿ ನೀರೂರಿಸತೊಡಗಿತು. ನಗಬೇಡಿ, ಮೈಸೂರಿನವಳಾದ ನಾನು ಚಿಕ್ಕಂದಿನಿಂದ ಪರಂಗಿ ಹಣ್ಣು ತಿಂದಿದ್ದರೂ, ಆ ಹೆಸರಿನೊಳಗೂ ಅದೇ ಹಡಗಿನ ಫರಂಗಿ ಕುಳಿತಿದ್ದಾನೆಂದು ಯೋಚಿಸಿರಲೇ ಇಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದಾಗ ಅತ್ತೆ ಗೋವೆಯ ಹೆಸರಿಗೆ ನನ್ನನ್ನು ತಡೆದರು. ಧಾರವಾಡದಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರು ಅದು. ಆ ಹಡಗುಗಳಲ್ಲಿ ನಮ್ಮ ಕಡೆಯವರೂ ಇದ್ದರೇನೆಂದು ನನ್ನಿಂದ ಕೇಳಿಸಿದರು. ಇದ್ದಿರಬೇಕು, ಅವರನ್ನೂ ಹಾಗೇ ಕರೆದಿರಬೇಕು, ಎಂದಳು ಹರುಕೊ, ತಪ್ಪು ತನ್ನದೇ ಎಂಬಂತೆ ತಲೆ ಬಗ್ಗಿಸಿ.



"ಹಂಗಾದ್ರ ಆಕೀಗೆ ಮ್ಲೇಚ್ಛಳು ನಾನs ಆದೆ," ಎಂದು ಅತ್ತೆ ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಹರುಕೊ ಒಂದು ಹೋಳು ಬಡಿಸಿದಳು. ಹುಳಿಗೆ ಅತ್ತೆಯ ಕಣ್ಣುಗಳು ಕಿರಿದಾದವು. ಹುಳಿ ಇಳಿದ ಮೇಲೆ ಇನ್ನೊಂದು ಹೋಳು ಹಾಕಿಸಿಕೊಂಡರು.

ಧೈರ್ಯ ಬಂದ ಹರುಕೊ ಕೇಳಿದಳು, ನಿಮ್ಮಲ್ಲಿ ನನ್ನಂಥವರಿಗೆ ಏನನ್ನುತ್ತೀರಿ? ಪ್ರಶ್ನೆಯನ್ನು ನನ್ನಿಂದ ತಿಳಿದುಕೊಂಡ ಅತ್ತೆ ತಾವೇ ಅವಳತ್ತ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

"ಬಾಜೂ ಮನಿಯಾಕಿ."