ಎಡಚಿಯ ಚಾಕು

ನನ್ನ ಮಗ ಒಳ್ಳೆಯದು ಮಾಡಲು ಹೋಗಿ ಅವನ ಅತ್ತೆಯ ಚಾಕು ಕೆಡಿಸಿಕೊಂಡು ಬಂದ. ಅಲ್ಲಿಂದಲೇ ಶುರು ಮಾಡುತ್ತೇನೆ.

ಅವನ ಅತ್ತೆ ಅಂದರೆ ನನ್ನ ಗಂಡನ ಅಕ್ಕ. ನಾನೂ ಅಕ್ಕ ಎಂದೇ ಕರೆಯುವುದು. ಬೀದಿಯವರಿಗೆ ಅವಳು ಎಡಚಿ. ಎದುರಿಗೇ ಹಾಗೆ ಕರೆಯುತ್ತಾರೆ, ಅವಳೂ ಓ ಅನ್ನುತ್ತಾಳೆ. ನಾನು ಮದುವೆಯಾಗಿ ಬಂದಾಗ ನನ್ನನ್ನು ಹೊಸ ಹುಡುಗಿ ಎಂದಳು. ಈಗ ನನ್ನ ಬಾಯಲ್ಲಿ ಹಲ್ಲಿಲ್ಲ, ಯಜಮಾನರು ಹೋಗಿ ಬಹಳ ಕಾಲವಾಯಿತು. ಅವಳಿಗೆ ನಾನು ಇನ್ನೂ ಹೊಸ ಹುಡುಗಿಯೇ.

ಆ ಬೆಳಿಗ್ಗೆ ಸಾಣೆ ಹಿಡಿಯುವವನು ಚಕ್ರದ ಗಾಡಿ ತಳ್ಳಿಕೊಂಡು ನಮ್ಮ ಬೀದಿಗೆ ಬಂದ. ಮಗನಿಗೆ ಬಸ್ ಓಡಿಸುವ ಕೆಲಸ, ಅವತ್ತು ರಜ. ಅಡುಗೆಮನೆಯ ಕತ್ತರಿ, ಚಾಕು ಎಲ್ಲಾ ಬಾಚಿಕೊಂಡು ಹೊರಟ. ಅಕ್ಕ ಸ್ನಾನಕ್ಕೆ ಹೋಗಿದ್ದಳು, ಅವಳ ಬಟ್ಟೆ ಬಾಗಿಲ ಮೇಲೆ ತೂಗುತ್ತಿತ್ತು. ಅದರ ಜೇಬಿಗೆ ಕೈ ಹಾಕಿ ಅವಳ ಮಡಚುವ ಚಾಕನ್ನೂ ತೆಗೆದುಕೊಂಡು ಹೋದ. ಅತ್ತೆ ಬರುವಷ್ಟರಲ್ಲಿ ಫಳಫಳ ಹೊಳೆಯುವ ಹಾಗೆ ಮಾಡಿಸಿಡೋಣ ಎಂದು ಅವನ ಆಸೆ. ಹೊಳೆಯುವ ಹಾಗೆಯೇ ಆಯಿತು.

ಅಕ್ಕ ತಲೆ ಒರೆಸಿಕೊಳ್ಳುತ್ತಾ ಬಂದವಳು ಚಾಕು ಬಿಚ್ಚಿ ಹೆಬ್ಬೆರಳಿನಿಂದ ಅಲಗು ಸವರಿದಳು.

"ಯಾರು ಮಾಡಿದ್ದು?"

"ನಾನೇ ಅತ್ತೆ, ಸಾಣೆಯವನ ಹತ್ರ. ಅವನು ಹೇಳಿದ, ಯಾರೋ ಗೊತ್ತಿಲ್ಲದವರು ತಿರುಗಾಮುರುಗಾ ಮಸೆದಿದ್ರು, ಸರಿ ಮಾಡಿದ್ದೀನಿ ಅಂತ."

"ಸರಿ ಮಾಡಿದ್ನಂತಾ?" ಎಂದಳು ಅಕ್ಕ. ಚಾಕು ಮಡಚಿದಳು. "ಹುಟ್ಟಿದಾಗಿನಿಂದ ಎಲ್ಲಾರೂ ಅದನ್ನೇ ಮಾಡ್ತಾ ಬಂದಿದ್ದಾರೆ ಕಣೋ."

ಅವಳು ಹಾಗೆಂದದ್ದು ಯಾಕೆ ಎಂದು ತಿಳಿಯಬೇಕಾದರೆ ಹಿಂದಿನದನ್ನು ಹೇಳಬೇಕು.

ಅವಳು ಎಡಗೈಯವಳು. ಚಿಕ್ಕವಳಿದ್ದಾಗ ಅವಳಪ್ಪ, ಅಂದರೆ ನನ್ನ ಮಾವ, ಆ ಕೈಯನ್ನು ಬೆನ್ನಿಗೆ ಸೇರಿಸಿ ಬಟ್ಟೆಯಿಂದ ಕಟ್ಟಿದರಂತೆ. ಬಲಗೈ ಅಭ್ಯಾಸವಾಗುವವರೆಗೂ ಬಿಚ್ಚುವುದಿಲ್ಲ ಎಂದರಂತೆ. ಊಟದ ಹೊತ್ತಿಗೆ ಇವಳು ಬಲಗೈಯನ್ನೂ ತಾನೇ ಬೆನ್ನ ಹಿಂದೆ ಇಟ್ಟುಕೊಂಡು, ಬಗ್ಗಿ, ತಟ್ಟೆಗೆ ಬಾಯಿ ಹಾಕಿದಳು. ಮಾವ ಹೊಡೆದರು. ಮರುದಿನವೂ ಹಾಗೆಯೇ ತಿಂದಳು. ಮನೆಗೆ ಬಂದ ನೆಂಟರ ಮುಂದೆಯೂ ಹಾಗೆಯೇ ತಿಂದಾಗ ಮಾವನಿಗೆ ನಾಚಿಕೆಯಾಗಿ ಕಟ್ಟು ಬಿಚ್ಚಿದರು. ಇದನ್ನು ನನಗೆ ಹೇಳಿದ್ದು ಸ್ವತಃ ಮಾವನೇ. ನಗುತ್ತಾ ಹೇಳಿದರೂ ಅವರಿಗೆ ಇನ್ನೂ ಒಳಗೆ ಉರಿ ಇತ್ತು.

ದೊಡ್ಡವಳಾದ ಮೇಲೆ ಬೆತ್ತದ ಕುರ್ಚಿ ಹೆಣೆಯುವ ಕಾರ್ಖಾನೆಗೆ ಸೇರಿದಳು. ನಾನೂ ಮದುವೆಯಾದ ಮೇಲೆ ಅಲ್ಲಿಗೇ ಸೇರಿದೆ, ಆದ್ದರಿಂದ ಬಹಳಷ್ಟು ಕಂಡದ್ದನ್ನೇ, ನಾನು ಬರುವ ಮುಂಚಿನದನ್ನು ಅವಳ ಬಾಯಿಂದ ಕೇಳಿದಂತೆ ಬರೆಯುತ್ತಿದ್ದೇನೆ. ಉದ್ದ ಬೆಂಚಿನ ಮೇಲೆ ಸಾಲಾಗಿ, ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದೆವು. ಮೊಣಕಾಲಿನ ಮೇಲೆ ಚರ್ಮದ ತುಂಡು. ನೆನೆಸಿದ ಬೆತ್ತದ ಸೀಳನ್ನು ಚರ್ಮದ ಮೇಲಿಟ್ಟು, ಒಂದು ಕೈಯಲ್ಲಿ ಚಾಕು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಸೀಳನ್ನು ಎಳೆಯಬೇಕು. ಒಳಗಿನ ತಿರುಳು ಹೆರೆದು ಬರುತ್ತದೆ, ಸೀಳು ತೆಳ್ಳಗಾಗುತ್ತದೆ. ಈ ಕೆಲಸದ ಚಾಕನ್ನು ಎರಡೂ ಮಗ್ಗುಲು ಮಸೆಯುವುದಿಲ್ಲ. ಒಂದು ಮಗ್ಗುಲು ಓರೆ, ಇನ್ನೊಂದು ಚಪ್ಪಟೆ. ಬಲಗೈಯವರಿಗೆ ಓರೆ ಒಂದು ಕಡೆ ಬೇಕು, ಎಡಗೈಯವರಿಗೆ ಇನ್ನೊಂದು ಕಡೆ. ಅದಲುಬದಲಾದರೆ ಚಾಕು ಬೆತ್ತದ ಮೇಲೆ ಜಾರುವುದಿಲ್ಲ, ಒಳಕ್ಕೆ ಮುಳುಗಿ ಸೀಳು ತುಂಡಾಗುತ್ತದೆ.

ಚಾಕುಗಳೆಲ್ಲಾ ಕಾರ್ಖಾನೆಯವು. ಮೇಸ್ತ್ರಿ ದಿನಾ ಬೆಳಿಗ್ಗೆ ಎಲ್ಲವನ್ನೂ ಬಲಗೈಗೆ ಮಸೆದು ತಗಡಿನ ಡಬ್ಬದಲ್ಲಿಡುತ್ತಿದ್ದ. ಅಕ್ಕನ ಕೈಯಲ್ಲಿ ಸೀಳು ಮೇಲಿಂದ ಮೇಲೆ ತುಂಡಾಗುತ್ತಿತ್ತು. ನನಗೊಂದು ಬೇರೆ ಮಸೆದು ಕೊಡಿ ಎಂದಳು.

"ಒಬ್ಬಳಿಗೋಸ್ಕರ ಬೇರೆ ಮಸೀಬೇಕಾ? ಚಾಕು ಸರಿಯಾಗೇ ಇದೆ. ನಿನ್ನ ಕೈ ಸರಿ ಇಲ್ಲ," ಎಂದ ಮೇಸ್ತ್ರಿ.

ಆಗ ನಮ್ಮ ಯಜಮಾನರು, ಆಗಿನ್ನೂ ಅವರಿಗೆ ಮದುವೆಯಾಗಿರಲಿಲ್ಲ, ಸೈಕಲ್ ರಿಪೇರಿ ಅಂಗಡಿಯಲ್ಲಿದ್ದರು. ಯಾರೋ ಗಿರಾಕಿ ಅಲ್ಲಿ ಒಂದು ಮಡಚುವ ಚಾಕು ಮರೆತು ಹೋಗಿದ್ದ. ಕೊಂಬಿನ ಹಿಡಿ, ಒಂದೇ ಅಲಗು. ವರ್ಷ ಕಾದರೂ ಕೇಳಿಕೊಂಡು ಯಾರೂ ಬರಲಿಲ್ಲ. ಅದನ್ನು ತಂದು ಅಕ್ಕನಿಗೆ ಕೊಟ್ಟರು. ಅಕ್ಕ ಕಾರ್ಖಾನೆಯಲ್ಲಿ ಬೆತ್ತ ನೆನೆಹಾಕುವ ತೊಟ್ಟಿಯ ಕಲ್ಲಿನ ಅಂಚಿಗೆ ತಾನೇ ಮಸೆದು, ಓರೆಯನ್ನು ತನ್ನ ಕಡೆಗೆ ತಂದುಕೊಂಡಳು. ಅಂದಿನಿಂದ ಅವಳ ಸೀಳು ತುಂಡಾಗಲಿಲ್ಲ. ಮೊಣಕೈ ಪಕ್ಕದವರಿಗೆ ತಾಗುತ್ತದೆ ಎಂದು ಬೆಂಚಿನ ತುದಿಯಲ್ಲಿ, ತೊಟ್ಟಿಯ ಪಕ್ಕ ಕೂರಿಸಿದರು. ನೀರು ಸಿಡಿದು ಒಂದು ಕಡೆಯ ಬಟ್ಟೆ ಯಾವಾಗಲೂ ಒದ್ದೆ. ಅದಕ್ಕೂ ಅವಳು ಸೊಪ್ಪು ಹಾಕಲಿಲ್ಲ.

ಸ್ವಂತ ಚಾಕು ತರುವುದು ಮೇಸ್ತ್ರಿಗೆ ಹಿಡಿಸಲಿಲ್ಲ. ಒಂದು ದಿನ ಅವಳು ಕೈ ತೊಳೆಯಲು ಹೋದಾಗ ಎತ್ತಿ ಬಚ್ಚಿಟ್ಟ. ಅಕ್ಕ ಬಂದು ನೋಡಿದಳು. ಕೂಗಲಿಲ್ಲ, ಅಳಲಿಲ್ಲ. ಬೆಂಚಿನ ಮೇಲೆ ಕೈಕಟ್ಟಿ ಕೂತಳು.

"ಕೆಲಸ ಮಾಡು," ಎಂದ ಮೇಸ್ತ್ರಿ.

"ಚಾಕು ಕೊಡಿ."

"ಡಬ್ಬದಲ್ಲಿ ಬೇಕಾದಷ್ಟು ಬಿದ್ದಿದೆ."

"ಅವೆಲ್ಲಾ ನಿಮ್ಮ ಕೈಗೆ. ನನ್ನ ಕೈಗೆ ಇರೋದು ಕೊಡಿ."

"ಮನೆಗೆ ಕಳಿಸ್ತೀನಿ ನೋಡು."

"ಕಳಿಸಿ. ಚಾಕು ಸಮೇತ ಕಳಿಸಿ."

ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸಂಜೆಯ ಗಂಟೆ ಹೊಡೆಯುವ ಮುಂಚೆ ಮೇಸ್ತ್ರಿ ಮುಖ ಊದಿಸಿಕೊಂಡು ಬಂದು, ಚಾಕನ್ನು ಅವಳ ಮಡಿಲಿಗೆ ಎಸೆದು ಹೋದ. ಅವತ್ತಿನಿಂದ ಆ ಚಾಕನ್ನು ಅವಳು ಬೆಂಚಿನ ಮೇಲೆ ಬಿಡಲಿಲ್ಲ. ಎಲ್ಲಾ ಬಟ್ಟೆಗೂ ಎಡಗಡೆ ಒಂದು ಜೇಬು ಹೊಲಿದುಕೊಂಡಳು. ಮದುವೆ ಮನೆಗೆ ಹೋಗುವ ಒಳ್ಳೆಯ ಬಟ್ಟೆಗೂ.

ಒಂದು ಸಂಬಂಧವೂ ಬಂದಿತ್ತು. ಹುಡುಗ ಒಳ್ಳೆಯವನು, ಹುಡುಗನ ತಾಯಿಗೆ ಮಾತ್ರ ಜೇಬು ಕಣ್ಣಿಗೆ ಬಿತ್ತು. "ಅದೇನಮ್ಮಾ ಅದು?" ಅಂದರು. ತೆಗೆದು ತೋರಿಸಿದಳು. "ನಮ್ಮ ಮನೆಗೆ ಬರುವಾಗ ಇದನ್ನು ಇಲ್ಲೇ ಬಿಟ್ಟು ಬರಬೇಕು," ಅಂದರು ಅವರು. "ಹಾಗಾದ್ರೆ ನನ್ನನ್ನೂ ಇಲ್ಲೇ ಬಿಟ್ಟು ಹೋಗಿ," ಅಂದಳು ಅಕ್ಕ. ಮತ್ತೆ ಯಾರೂ ಬರಲಿಲ್ಲ. ಬೇಜಾರಿಲ್ಲವಾ ಎಂದು ಒಮ್ಮೆ ಕೇಳಿದ್ದೆ. "ಹುಡುಗನ ಕಿವಿ ಚೆನ್ನಾಗಿತ್ತು," ಎಂದಳು. ಅಷ್ಟೇ.

ಕಾರ್ಖಾನೆ ಮುಚ್ಚಿದ ಮೇಲೆ ಆ ಚಾಕಿನಿಂದ ಅವಳು ದಾರ ಕುಯ್ದಳು, ಪೆನ್ಸಿಲ್ ಹೆರೆದಳು, ಗಂಟು ಬಿಚ್ಚಿದಳು, ಹಣ್ಣು ಸುಲಿದಳು. ನಮ್ಮ ಯಜಮಾನರು ಹೋದ ದಿನ ನಾನು ನೀರೂ ಮುಟ್ಟಿರಲಿಲ್ಲ. ಬಂದವರೆಲ್ಲಾ ಏನೇನೋ ಹೇಳಿದರು. ಇವಳು ಏನೂ ಹೇಳದೆ ಪಕ್ಕದಲ್ಲಿ ಕೂತು, ಒಂದು ಕಿತ್ತಳೆ ಸುಲಿದು, ಬೀಜ ಒಂದೊಂದೇ ಚಾಕಿನ ತುದಿಯಿಂದ ತೆಗೆದು, ಒಂದು ತೊಳೆ ನನ್ನ ಬಾಯಿಗಿಟ್ಟಳು. ಹೋದವರು ಅವಳಿಗೂ ತಮ್ಮನಲ್ಲವೇ. ಹಾಗೆ ದಿನಾ ಮಸೆದು ಮಸೆದು, ಹೆಬ್ಬೆರಳಗಲ ಇದ್ದ ಅಲಗು ಕಿರುಬೆರಳಗಲಕ್ಕೆ ಬಂತು.

ಈಗ ಆ ಸಾಣೆಯವನು ಉಳಿದದ್ದರಲ್ಲೂ ಒಂದಿಷ್ಟು ತಿಂದುಹಾಕಿ, ಓರೆಯನ್ನು ಬಲಕ್ಕೆ ತಿರುಗಿಸಿಟ್ಟಿದ್ದ.

ಚಾಕು ಬಿಡಿಸಲು ಇದೇ ಒಳ್ಳೆಯ ಸಮಯ ಎಂದು ಸೊಸೆಗೆ ಅನ್ನಿಸಿತು. ಅವಳು ಆಸ್ಪತ್ರೆಯಲ್ಲಿ ನರ್ಸು. ಹಗಲೆಲ್ಲಾ ಕೊಯ್ದುಕೊಂಡವರ ಕೈಗೆ ಪಟ್ಟಿ ಕಟ್ಟುವ ಕೆಲಸ. ಅಕ್ಕನ ಬೆರಳು ನಡುಗುವುದನ್ನು ಅವಳು ಬಹಳ ದಿನದಿಂದ ನೋಡುತ್ತಿದ್ದಳು.

"ದೊಡ್ಡತ್ತೆ, ಹೇಗಿದ್ರೂ ಕೆಟ್ಟುಹೋಯ್ತು. ಇನ್ನು ಕಪಾಟಲ್ಲಿ ಇಟ್ಟುಬಿಡೋಣ. ನಿಮಗೆ ಏನು ಕುಯ್ದು ಕೊಡಬೇಕೋ ಹೇಳಿ, ನಾವಿದ್ದೀವಿ."

"ನೀವಿದ್ದೀರಿ. ನಾನೂ ಇದ್ದೀನಲ್ಲ?"

"ನಿಮ್ಮ ಕೈ ನಡುಗುತ್ತೆ ದೊಡ್ಡತ್ತೆ."

ಅಕ್ಕ ಒಂದು ಗಳಿಗೆ ತನ್ನ ಕೈ ನೋಡಿಕೊಂಡಳು. ಆಮೇಲೆ ಹೇಳಿದಳು, "ಸರಿ. ಇದನ್ನು ನಾನೇ ವಾಪಸ್ ಎಡಕ್ಕೆ ಮಸೀತೀನಿ. ಒಂದು ಬೆತ್ತದ ಸೀಳನ್ನು ಈ ತುದಿಯಿಂದ ಆ ತುದಿವರೆಗೆ ಹೆರೆದು ತೋರಿಸ್ತೀನಿ. ನನ್ನ ಕೈಲಿ ಆಗದಿದ್ರೆ ಚಾಕು ನಿನ್ನ ಕಪಾಟಿಗೆ. ಆಯ್ತು ಅಂದ್ರೆ ಇನ್ನು ಮೇಲೆ ಈ ಮನೇಲಿ ನನ್ನ ಜೇಬಿನ ಸುದ್ದಿಗೆ ಯಾರೂ ಬರಬಾರದು."

ಅವಳು ಬೆತ್ತ ಮುಟ್ಟಿ ಎಷ್ಟೋ ವರ್ಷವಾಗಿತ್ತು. ಕೊಟ್ಟ ಮಾತು ತಪ್ಪುವವಳಲ್ಲ. ಚಾಕು ಕಪಾಟಿಗೆ ಹೋದರೆ ಅದರ ಜೊತೆ ಇನ್ನೇನು ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಆಮೇಲೆ ಅವಳು ಹಣ್ಣಿಗೂ ಕಾಯಬೇಕು, ದಾರಕ್ಕೂ ಕಾಯಬೇಕು.

ಮಗ ತಪ್ಪಿತಸ್ಥನ ಮುಖ ಹೊತ್ತು ಅಂಗಡಿಗೆ ಹೋಗಿ ಒಂದು ಕಟ್ಟು ಬೆತ್ತದ ಸೀಳು ತಂದ. ಅಕ್ಕ ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಮಸೆಗಲ್ಲು ಇಟ್ಟುಕೊಂಡು ಕೂತಳು. ಹಳೆಯ ಓರೆಯನ್ನು ಚಪ್ಪಟೆ ಮಾಡಬೇಕು, ಚಪ್ಪಟೆಯನ್ನು ಓರೆ ಮಾಡಬೇಕು. ಅಲಗು ಮೊದಲೇ ತೆಳ್ಳಗಿದೆ, ಅವಸರ ಮಾಡಿದರೆ ಮುಗಿದೇ ಹೋಗುತ್ತದೆ. ಬೆರಳು ಮರಗಟ್ಟಿದಾಗ ಬಿಸಿನೀರಲ್ಲಿ ಅದ್ದುವಳು, ಮತ್ತೆ ಮಸೆಯುವಳು. ನಾನು ಕಲ್ಲಿಗೆ ನೀರು ಚಿಮುಕಿಸುತ್ತಾ ಪಕ್ಕದಲ್ಲಿ ಕೂರುತ್ತಿದ್ದೆ.

"ನಾನು ಸ್ವಲ್ಪ ಮಸೀಲಾ ಅಕ್ಕ?" ಅಂದೆ.

"ನೀನು ಬಲಗೈಯವಳು. ನೀರು ಹಾಕು ಸಾಕು."

ಒಂದು ಮಧ್ಯಾಹ್ನ ಮಸೆದದ್ದು ಆಯಿತು ಅಂದಳು. ಮೊಣಕಾಲಿನ ಮೇಲೆ ಹಳೆಯ ಚಪ್ಪಲಿಯ ಚರ್ಮ ಹರಡಿ, ನೆನೆಸಿದ ಸೀಳು ಇಟ್ಟು ಎಳೆದಳು. ಎಲ್ಲರೂ ನಿಂತು ನೋಡುತ್ತಿದ್ದೆವು. ಒಂದು ಗೇಣು ಚೆನ್ನಾಗಿ ಬಂತು. ಆಮೇಲೆ ಅಲಗು ಮುಳುಗಿತು. ಸೀಳು ಟಪ್ ಎಂದು ತುಂಡಾಗಿ ಕೆಳಗೆ ಬಿತ್ತು.

ಸೊಸೆ ಮೆಲ್ಲಗೆ ಕೈ ಚಾಚಿದಳು. "ಕೊಡಿ ದೊಡ್ಡತ್ತೆ. ನೀವೇ ಹೇಳಿದ್ದು."

"ಏನು ಹೇಳಿದ್ದು?"

"ಆಗದಿದ್ರೆ ಕಪಾಟಿಗೆ ಅಂತ."

"ಆಗದಿದ್ರೆ ಅಂದೆ. ಇವತ್ತೇ ಅಂದ್ನಾ? ಪಂಥ ಹಾಕಿದವಳು ನಾನು, ಗಡುವು ಹಾಕೋಕೆ ನೀನ್ಯಾರು? ನಾನಿನ್ನೂ ಸತ್ತಿಲ್ಲ. ಸತ್ತ ಮೇಲೆ ಬಾ, ಆಗಲಿಲ್ಲ ಅಂತ ಒಪ್ಕೋತೀನಿ."

ಮಗ ಮುಖ ತಿರುಗಿಸಿಕೊಂಡು ನಕ್ಕ. ಸೊಸೆಗೆ ನಗು ಬರಲಿಲ್ಲ.

ಮತ್ತೆ ಕಲ್ಲು, ಮತ್ತೆ ನೀರು. ನಡುವೆ ಒಂದು ದಿನ ಹೆಬ್ಬೆರಳು ಕೊಯ್ದುಕೊಂಡಳು. ಸೊಸೆ ಪಟ್ಟಿ ಕಟ್ಟುತ್ತಾ, "ನೋಡಿದ್ರಾ, ನಾನು ಹೇಳಿದ್ದು ಇದಕ್ಕೇ," ಎಂದು ಗದರಿದಳು. ಅಕ್ಕ ಪಟ್ಟಿ ಕಟ್ಟಿಸಿಕೊಂಡ ಬೆರಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಕುಯ್ತು ಅಂದ್ರೆ ಹರಿತ ಬರ್ತಾ ಇದೆ ಅಂತ," ಎಂದು ವಾಪಸ್ ಹೋಗಿ ಕೂತಳು. ಇಂಥವರಿಗೆ ಪಟ್ಟಿ ಕಟ್ಟುವವರ ಪಾಡು ದೇವರಿಗೇ ಪ್ರೀತಿ.

ಬೆತ್ತದ ಕಟ್ಟು ತೆಳ್ಳಗಾಗುತ್ತಾ ಬಂತು. ಸೀಳುಗಳು ತುಂಡಾಗಿ ಕಟ್ಟೆಯ ಕೆಳಗೆ ಗುಡ್ಡೆ ಬಿದ್ದವು. ಕೈ ನಡುಗುವುದು ನಿಲ್ಲಲಿಲ್ಲ, ಅದು ನಿಲ್ಲುವಂಥದ್ದೂ ಅಲ್ಲ. ಆದರೆ ಅವಳು ಒಂದು ಉಪಾಯ ಮಾಡಿದಳು. ಚಾಕು ಹಿಡಿದ ಮುಂಗೈಯನ್ನು ಮೊಣಕಾಲಿಗೆ ಒತ್ತಿ, ಮೇಲೆ ಒಂದು ಬಟ್ಟೆ ಸುತ್ತಿಕೊಂಡು, ನನ್ನ ಕಡೆ ತುದಿ ಚಾಚಿದಳು. "ಬಿಗಿಯಾಗಿ ಕಟ್ಟು."

ನಾನು ಕಟ್ಟುವಾಗ ಮಾವ ನೆನಪಾದರು. ಅವಳಿಗೂ ಆಗಿರಬೇಕು. "ಅಪ್ಪ ಕಟ್ಟಿದ್ದು ನಿಲ್ಸೋಕೆ," ಎಂದಳು. "ಇದು ನಡೆಸೋಕೆ. ಎಳಿ ಗಂಟು."

ಬಲಗೈಯಿಂದ ಸೀಳು ಎಳೆದಳು. ತಿರುಳು ಸುರುಳಿ ಸುರುಳಿಯಾಗಿ ಎದ್ದು ಬಂತು. ಒಂದು ಗೇಣು ದಾಟಿತು. ಒಂದು ಮೊಳ ದಾಟಿತು. ಕೊನೆಗೆ ಸೀಳಿನ ತುದಿ ಅಲಗಿನ ಅಡಿಯಿಂದ ನುಸುಳಿ ಅವಳ ಕೈಗೆ ಬಂತು, ಇಡಿಯಾಗಿ, ರಿಬ್ಬನ್ನಿನಂತೆ. ಅದನ್ನು ಸೊಸೆಯ ಹೆಗಲ ಮೇಲೆ ಹಾಕಿದಳು.

"ಎಲ್ಲಿ, ನಾನೊಂದು ಸಲ," ಎಂದು ಮಗ ಕೂತ. ಒಂದೇ ಎಳೆತಕ್ಕೆ ಸೀಳು ತುಂಡಾಯಿತು. ಇನ್ನೊಂದು ತೆಗೆದುಕೊಂಡ, ಅದೂ ತುಂಡಾಯಿತು. ಚಾಕನ್ನು ತಿರುಗಿಸಿ ತಿರುಗಿಸಿ ನೋಡಿದ.

ಅಕ್ಕ ಅವನ ಕೈಯಿಂದ ಅದನ್ನು ಕಿತ್ತುಕೊಂಡಳು. "ಚಾಕು ಸರಿಯಾಗೇ ಇದೆ ಕಣೋ. ನಿನ್ನ ಕೈ ಸರಿ ಇಲ್ಲ."

ಅವಳು ಅಷ್ಟು ನಕ್ಕದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕೆಮ್ಮು ಬರುವವರೆಗೂ ನಕ್ಕಳು.

ಮಸೆಯುವ ದಿನಗಳಲ್ಲಿ ಅವಳ ಜೇಬಿನ ತಳ ಸವೆದು ತೂತಾಗಿತ್ತು. ಮರುದಿನ ಸೊಸೆ ತಾನೇ ಆ ಬಟ್ಟೆ ಕೇಳಿ ತೆಗೆದುಕೊಂಡು, ಹಳೆಯ ಜೇಬು ಬಿಚ್ಚಿ, ಗಟ್ಟಿ ಬಟ್ಟೆಯ ಹೊಸ ಜೇಬು ಹೊಲಿದು ತಂದಳು. ಹೊಲಿಗೆ ಚೆನ್ನಾಗಿತ್ತು, ಎರಡೆರಡು ಸಾಲು. ಅಕ್ಕ ಬಟ್ಟೆ ಹಾಕಿಕೊಂಡು ಚಾಕು ಇಡಲು ಹೋದಳು. ಕೈ ಎಡಗಡೆ ತಡಕಾಡಿತು. ಜೇಬು ಬಲಗಡೆ ಇತ್ತು.

"ಅಯ್ಯೋ ದೊಡ್ಡತ್ತೆ, ಅಭ್ಯಾಸ," ಎಂದು ಸೊಸೆ ನಾಲಿಗೆ ಕಚ್ಚಿಕೊಂಡಳು. "ಇವತ್ತೊಂದಿನ ಹೀಗೇ ಇರಲಿ, ನಾಳೆ ಬದಲಾಯಿಸಿ ಕೊಡ್ತೀನಿ."

"ಇವತ್ತೊಂದಿನ," ಎಂದಳು ಅಕ್ಕ. ಬಟ್ಟೆ ತೆಗೆದು ತೊಡೆಯ ಮೇಲೆ ಹರಡಿ, ಚಾಕು ಬಿಚ್ಚಿ, ಹೊಲಿಗೆಯ ಮೊದಲ ಎಳೆಯ ಕೆಳಗೆ ತುದಿ ತೂರಿಸಿದಳು. "ಹೊಸ ಹುಡುಗಿ, ಸೂಜಿ ದಾರ ತಗೊಂಡು ಬಾ."