ದೊಡ್ಡವ್ವನ ಮೈಮೇಲೆ ಬರುತ್ತಿದ್ದುದು

ಮೊದಲು ತುಟಿ ಬೆಳ್ಳಗಾಗುತ್ತಿತ್ತು. ಆಮೇಲೆ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು, ಕೈ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ರವಿಕೆಯ ಮೇಲಿಂದಲೇ ಎದೆ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ನಮ್ಮ ನೇಕಾರರ ಬೀದಿಯಲ್ಲಿ, ಪಕ್ಕದ ಮನೆ ದೊಡ್ಡವ್ವನಿಗೆ ಹೀಗಾದಾಗಲೆಲ್ಲ ಹೆಂಗಸರು ಕರ್ಪೂರ ಹಚ್ಚಿ, “ಮಾದಪ್ಪ ಬಂದವ್ನೆ” ಎಂದು ಅಡ್ಡಬೀಳುತ್ತಿದ್ದರು.

ಗಂಡ ಸತ್ತ ಮೇಲೆ ತಾನೇ ಮಗ್ಗಕ್ಕಿಳಿದ ಗಟ್ಟಿಗಿತ್ತಿ ಅವಳು. ಮಗ್ಗದ ಮರ ಹೊಟ್ಟೆಗೊತ್ತುವಂತೆ ಬಗ್ಗಿ, ಕಡಿದ ರೇಷ್ಮೆ ಎಳೆಗೆ ಗಂಟು ಹಾಕುವಾಗಲೇ ಹೆಚ್ಚಾಗಿ ಹೀಗಾಗುತ್ತಿತ್ತು. ಕಳೆದುಹೋದ ಎಮ್ಮೆಯಿಂದ ಹಿಡಿದು ಹುಟ್ಟಲಿರುವ ಕೂಸಿನವರೆಗೆ ಜನ ಅವಳನ್ನು ಕೇಳದ ವಿಷಯವಿಲ್ಲ. ಅವಳದು ಒಂದೇ ಉತ್ತರ: “ನಂಗೇನೂ ಕೇಳುಸ್ನಿಲ್ಲ ಕಣ್ರವ್ವ. ತಲೆ ಸಿಡೀತದ, ಅಷ್ಟೇಯ.” ದೇವರಿಗೆ ಇವತ್ತು ಮಾತಾಡುವ ಮನಸ್ಸಿಲ್ಲ ಎಂದು ಬೀದಿ ಸಮಾಧಾನ ಮಾಡಿಕೊಳ್ಳುತ್ತಿತ್ತು.

ನನಗಾಗ ಹದಿಮೂರು, ಓದಿನ ಹುಚ್ಚು. ಅಪ್ಪ ಮಾಂಬಳ್ಳಿಯ ಅನುಕೂಲಸ್ಥ ವಿಧುರನೊಬ್ಬನಿಗೆ ನನ್ನನ್ನು ಕೊಡಲು ಒಪ್ಪಿ ಬಂದಿದ್ದ. ದೊಡ್ಡವ್ವನ ಮೈಮೇಲೆ ಬಂದ ಹೊತ್ತು ನೋಡಿ, ದೇವರ ಅಪ್ಪಣೆ ಕೇಳಲು ನನ್ನನ್ನು ಅವಳೆದುರು ಕೂರಿಸಿದ. ಅವಳು ಆ ಬೆವರಿನ ನಡುವೆಯೇ ನನ್ನನ್ನು ದಿಟ್ಟಿಸಿ, “ಈ ಮಗೀನ ಕೊಡ್ಬ್ಯಾಡ. ಓದ್ಸು” ಎಂದಳು. ಅಪ್ಪ ಅಲ್ಲೇ ಅಡ್ಡಬಿದ್ದ. ಸಂಬಂಧ ಮುರಿಯಿತು, ನಾನು ಸ್ಕೂಲಿನಲ್ಲೇ ಉಳಿದೆ.

ಮರುದಿನ ಓಡಿಹೋಗಿ ಕೇಳಿದೆ: “ನೆನ್ನೆ ಏಳ್ದೋರು ಯಾರು ದೊಡ್ಡವ್ವ? ಮಾದಪ್ಪನಾ, ನೀನಾ?”

“ನಂಗೂ ತಿಳೀದು ಕಣ್ಮಗ. ಬಾಯಿ ನಂದೇಯ” ಎಂದು ಅವಳೂ ಪಿಳಿಪಿಳಿ ನೋಡಿದಳು.

ನಾನು ಮೈಸೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿದ ಮೇಲೆ ಅವಳನ್ನು ಅಲ್ಲಿನ ಆಸ್ಪತ್ರೆಗೆ ಕರೆದೊಯ್ದೆ. ಊರಲ್ಲಿ ಅಳೆದಾಗಲೆಲ್ಲ ಅವಳ ರಕ್ತದೊತ್ತಡ ಸರಿಯಾಗಿಯೇ ಇರುತ್ತಿತ್ತು. ಇಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡುತ್ತಿದ್ದಾಗಲೇ ತುಟಿ ಬೆಳ್ಳಗಾಯಿತು. ಕೂಡಲೇ ಒತ್ತಡ ಅಳೆದಾಗ ಪಾದರಸ ಸರ್ರನೆ ಮೇಲೇರಿದ್ದು ಕಂಡು ಅವರು ಮೊದಲು ಯಂತ್ರವನ್ನೇ ತಟ್ಟಿ ನೋಡಿದರು. ಆಮೇಲೆ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಮೂತ್ರಪಿಂಡದ ಮೇಲಿರುವ ಗ್ರಂಥಿಯಲ್ಲಿ ಗಡ್ಡೆಯಿದೆ, ಅದು ರಕ್ತಕ್ಕೆ ರಸ ಸುರಿದಾಗಲೆಲ್ಲ ಒತ್ತಡ ಹೀಗೆ ಏರುತ್ತದೆ, ಕುಯ್ದು ತೆಗೆಯಬೇಕು ಎಂದರು.

“ಆ ಗಡ್ಡೆ ಮಾತಾಡ್ತದಾ, ಸಾ?” ಎಂದು ದೊಡ್ಡವ್ವ ಕೇಳಿದಳು. ಡಾಕ್ಟರು ನಕ್ಕು, ಇಲ್ಲ ಎಂದರು. ಅವಳು ನಗಲಿಲ್ಲ.

ಆಪರೇಷನ್ನಿಗೆ ಒಳಗೆ ಹೋಗುವ ಮುಂಚೆ ನನ್ನ ಕೈ ಹಿಡಿದುಕೊಂಡಳು. “ಅಂಗಾರೆ ಅವತ್ತು ನಾನೇಯಾ ಏಳಿದ್ದು? ಮಾದಪ್ಪನ ಎಸ್ರಲ್ಲಿ? ನಿಮ್ಮಪ್ಪನ್ಗೆ ಏಳ್ಬ್ಯಾಡ ಕಣ್ಮಗ.”

ಅವಳು ಉಳಿಯಲಿಲ್ಲ. ಅಪ್ಪನಿಗೆ ನಾನು ಹೇಳಲಿಲ್ಲ. ಮಗಳನ್ನು ಓದಿಸಿದ್ದು ಮಾದಪ್ಪನೇ ಎಂದು ಅವನು ಸಾಯುವವರೆಗೂ ಬೆಟ್ಟಕ್ಕೆ ನಡೆದೇ ಹೋಗಿ ಬರುತ್ತಿದ್ದ. ಈಗ ನಾನೂ ಹೋಗುತ್ತೇನೆ. ಗುಡಿಯೊಳಗೆ ನಿಂತು ಕಣ್ಣು ಮುಚ್ಚಿದರೆ ಆ ಬೆಳ್ಳನೆಯ ತುಟಿ ಕಾಣುತ್ತದೆ. ಯಾರಿಗೆ ಕೈ ಮುಗಿಯುತ್ತಿದ್ದೇನೋ ನನಗೆ ಇವತ್ತಿಗೂ ತಿಳಿಯದು, ಮುಗಿದ ಕೈಯನ್ನು ಮಾತ್ರ ಇಳಿಸಲಾಗುವುದಿಲ್ಲ.